ಏರಿ ದಾಟಿದ ಮೀನುಗಳು

2018ರ ಆಗಸ್ಟ್ ನೆರೆ ಇಳಿದ ಮೇಲೆ ಕೇರಳದ ಚಾಲಕುಡಿ, ಪೆರಿಯಾರ್ ಹೊಳೆಗಳಲ್ಲಿ ಬಲೆ ಬೀಸಿದವರಿಗೆ ಅರಪೈಮ ಸಿಗತೊಡಗಿತು. ಅಮೆಜಾನ್ ನದಿಯ ಮೀನು ಅದು. ಮೂರು ಮೀಟರಿನವರೆಗೂ ಬೆಳೆಯುತ್ತದೆ, ಗಾಳಿ ಕುಡಿಯಲು ಆಗಾಗ ನೀರಿನ ಮೇಲೆ ಬರುತ್ತದೆ. ಅದರ ಜೊತೆಗೆ ಮೊಸಳೆಮೂತಿಯ ಅಲಿಗೇಟರ್ ಗಾರ್. ಬೆಂಗಳೂರಿನ ಮೀನಂಗಡಿಗಳಲ್ಲಿ ‘ರೂಪಚಂದ್’ ಎಂಬ ಹೆಸರಿನಲ್ಲಿ ತೂಗುವ ಪಾಕು. ಕಂಡವರೆಲ್ಲ ನೆರೆಯನ್ನೇ ದೂರಿದರು. ನನಗೆ ಆ ಮಾತು ಒಪ್ಪಿಗೆಯಿಲ್ಲ. ಇಂಥ ಮೀನುಗಳಿಗೆ ದಾರಿ ಮಾಡಿಕೊಟ್ಟ ಕಥೆ 1952ಕ್ಕೇ ಶುರುವಾಗುತ್ತದೆ, ಅದೂ ಸರ್ಕಾರಿ ಕಡತದಲ್ಲಿ.

ಸ್ವಾತಂತ್ರ್ಯ ಬಂದು ಐದು ವರ್ಷವಾಗಿತ್ತು, ಊಟಕ್ಕೇ ತತ್ವಾರದ ಕಾಲ. ಆ ವರ್ಷ ಅಂದಿನ ಮದ್ರಾಸ್ ರಾಜ್ಯದ ಮಂಡಪಂನಲ್ಲಿದ್ದ ಸಾಗರ ಮೀನುಗಾರಿಕಾ ಸಂಶೋಧನಾ ಕೇಂದ್ರಕ್ಕೆ ಸಿಲೋನಿನಿಂದ ತಿಲಾಪಿಯ ಬಂತು. ಮೂಲ ಊರು ಆಫ್ರಿಕದ ಮೊಜಾಂಬಿಕ್ ಸೀಮೆ. 1939ರಲ್ಲಿ ಜಾವಾದ ಕಡಲಂಚಿನಲ್ಲಿ ಕಾಣಿಸಿಕೊಂಡು, ಅಲ್ಲಿಂದ ಏಷ್ಯದ ಕೆರೆಗಳಿಗೆ ಹಬ್ಬಿದ ಮೀನು. ಬಡವರ ತಟ್ಟೆಗೆ ಅಗ್ಗದ ಮೀನು ಬೀಳಲಿ ಎಂಬುದು ತಂದವರ ಆಸೆ. ಆ ಆಸೆಯನ್ನು ಇವತ್ತು ಕೂತು ಹೀಯಾಳಿಸುವುದು ಸುಲಭ. ಆದರೆ ಮೀನಿನ ಲೆಕ್ಕ ಬೇರೆ ಇತ್ತು. ಹೆಣ್ಣು ತನ್ನ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ, ಮರಿಗಳು ಕೆಲವೇ ತಿಂಗಳಲ್ಲಿ ತಾವೇ ತಾಯಿಯಾಗುತ್ತವೆ. ಕೆರೆ ತುಂಬಿತು, ಮೀನು ದಪ್ಪವಾಗಲಿಲ್ಲ. 1959ರಲ್ಲಿ ಮೀನುಗಾರಿಕಾ ಸಂಶೋಧನಾ ಸಮಿತಿ ಇನ್ನು ಇದನ್ನು ಹರಡಬೇಡಿ ಎಂದಿತು. ಅಷ್ಟರಲ್ಲಿ ಸಮಿತಿಗಿಂತ ಮೀನೇ ಮುಂದೆ ಹೋಗಿತ್ತು. ಸಿಹಿನೀರಾದರೂ ಸರಿ, ಉಪ್ಪುನೀರಾದರೂ ಸರಿ ಎನ್ನುವ ಜಾತಿ. ಹಿನ್ನೀರು, ಅಳಿವೆ ಯಾವುದೂ ಅದಕ್ಕೆ ಬೇಲಿಯಾಗಲಿಲ್ಲ.

ತೊಂಬತ್ತರ ದಶಕದಲ್ಲಿ ಬಂದ ಆಫ್ರಿಕನ್ ಕ್ಯಾಟ್‌ಫಿಶ್‌ಗೆ ಸರ್ಕಾರದ ಮುದ್ರೆಯೂ ಇರಲಿಲ್ಲ. ಬಾಂಗ್ಲಾದೇಶದ ಕಡೆಯಿಂದ ಕದ್ದುಮುಚ್ಚಿ ಬಂತು. 2000ದಿಂದ ಅದರ ಸಾಕಣೆಗೆ ನಿಷೇಧವಿದೆ, ಸಾಕಣೆ ಮಾತ್ರ ನಿಂತಿಲ್ಲ.

ನಾನು ಕಾಸರಗೋಡಿನವನು. ಎರ್ನಾಕುಲಂ ಜಿಲ್ಲೆಯ ಒಂದು ಬ್ಯಾಂಕ್ ಶಾಖೆಯಲ್ಲಿದ್ದಾಗ ಮೀನುಕೆರೆಗೆ ಸಾಲ ಕೇಳಿದವರ ಅರ್ಜಿಗಳು ನನ್ನ ಮೇಜಿಗೆ ಬರುತ್ತಿದ್ದವು. ಸರ್ವೆ ನಂಬರು, ಮರಿಯ ಬೆಲೆ, ಮೇವಿನ ಖರ್ಚು, ಜಾಮೀನುದಾರರ ಸಹಿ, ಎಲ್ಲಕ್ಕೂ ಜಾಗವಿತ್ತು. ಕೆರೆಯಿಂದ ಹೊಳೆಗೆ ಎಷ್ಟು ದೂರ, ಹಿಂದಿನ ನೆರೆಯಲ್ಲಿ ನೀರು ಎಲ್ಲಿಯವರೆಗೆ ಏರಿತ್ತು ಎಂದು ಕೇಳುವ ಸಾಲು ಮಾತ್ರ ಇರಲಿಲ್ಲ. ಪೆರಿಯಾರ್ ದಡದ ಹಳಬರಿಗೆ 1924ರ ಮಹಾನೆರೆಯ ಕಥೆ ಬಾಯಿಪಾಠ. ಆ ಫಾರ್ಮಿಗೆ ಮಾತ್ರ ಅದರ ಸುದ್ದಿಯೇ ಇರಲಿಲ್ಲ. 2018ರಲ್ಲಿ ಇಡುಕ್ಕಿಯ ಚೆರುತೋಣಿ ಅಣೆಕಟ್ಟಿನ ಗೇಟುಗಳನ್ನು 26 ವರ್ಷಗಳ ನಂತರ ತೆರೆದರು. ಆ ತಿಂಗಳ ನೆರೆಯಲ್ಲಿ ತಗ್ಗಿನ ಕೆರೆಗಳ ಏರಿ ಎಲ್ಲಿ, ಹೊಳೆ ಎಲ್ಲಿ ಎಂದು ಗುರುತು ಸಿಗಲಿಲ್ಲ.

ಹೀಗೆ ಕೆರೆಯಿಂದ ಹೊಳೆಗೆ ಬಿದ್ದ ಮೀನು ಕೊನೆಗೆ ವೆಂಬನಾಡು ಹಿನ್ನೀರಿಗೆ ಸೇರುತ್ತದೆ. ಮೊದಲೆಲ್ಲ ಬೇಸಿಗೆಯಲ್ಲಿ ಕಡಲಿನ ಉಪ್ಪು ಆ ನೀರಿನಲ್ಲಿ ತುಂಬ ದೂರ ಒಳನುಗ್ಗುತ್ತಿತ್ತು. ಸಿಹಿನೀರಿನ ಮೀನಿಗೆ ಅದೇ ಲಕ್ಷ್ಮಣರೇಖೆ. ಕುಟ್ಟನಾಡಿನ ಭತ್ತ ಉಳಿಸಲೆಂದು ಎಪ್ಪತ್ತರ ದಶಕದಲ್ಲಿ ತಣ್ಣೀರ್ಮುಕ್ಕಂ ಕಟ್ಟೆ ಎದ್ದ ಮೇಲೆ, ಬೇಸಿಗೆಯಲ್ಲಿ ಗೇಟು ಹಾಕಿದಾಗ ದಕ್ಷಿಣದ ಭಾಗಕ್ಕೆ ಉಪ್ಪು ತಲುಪುವುದು ಕಡಿಮೆಯಾಯಿತು. ಭತ್ತಕ್ಕೆ ಒಳ್ಳೆಯದೇ. ಹೊರಗಿನ ಸಿಹಿನೀರಿನ ಮೀನಿಗೂ ಅಷ್ಟೇ ಒಳ್ಳೆಯದು. ಕೇರಳದ ರಾಜ್ಯಮೀನು ಕರಿಮೀನು ಈಗ ಅಲ್ಲಿ ತನ್ನ ಮನೆಯಲ್ಲೇ ಮೇವಿಗೆ ಪೈಪೋಟಿ ನಡೆಸಬೇಕು.

ಉತ್ತರ ಕನ್ನಡದಲ್ಲಿ ಗಂಗಾವಳಿ, ಅಘನಾಶಿನಿ ದಡದಲ್ಲಿ ಮೀನುಕೆರೆ ತೋಡುವವರಿಗೆ ಒಂದು ಮಾತು. 2019ರ ನೆರೆಯ ಗುರುತು ನಿಮ್ಮ ಊರಿನ ಯಾವ ಗೋಡೆಯಲ್ಲಿದೆ ಎಂದು ಮೊದಲು ನೋಡಿ, ಏರಿಯನ್ನು ಅದಕ್ಕಿಂತ ಮೇಲೆ ಕಟ್ಟಿ, ನೀರು ಹೊರಹೋಗುವ ಕಡೆ ಬಲೆ ಹಾಕಿ. ಅಷ್ಟು ಎತ್ತರಕ್ಕೆ ಏರಿ ಕಟ್ಟಲು ಆಗದಿದ್ದರೆ ಅಲ್ಲಿ ಹೊರದೇಶದ ಮೀನು ಬಿಡಬೇಡಿ.