ಚೆಂಡು ಹೂವು: ಹೆಸರು ಮತ್ತು ಇತಿಹಾಸ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಲ್ಲಿ ಚೆಂಡು ಹೂವನ್ನು ಅರಿಯದವರಿಲ್ಲ. ಹಿತ್ತಿಲಲ್ಲಿಯೂ ಹೊಲದಲ್ಲಿಯೂ ಬೆಳೆಯುವ ಈ ಹೂವು ಆಯುಧಪೂಜೆಯ ದಿನ ನೇಗಿಲು, ಮಗ್ಗ, ವಾಹನಗಳನ್ನು ಅಲಂಕರಿಸುತ್ತದೆ. ಹಬ್ಬದ ಮನೆಗಳಿಗೆ ತೋರಣವಾಗುತ್ತದೆ. ಇಷ್ಟು ನಿಕಟವಾದ ಹೂವು ಅನಾದಿಯಿಂದಲೂ ಈ ನಾಡಿನದೇ ಎಂದು ಭಾವಿಸುವುದು ಸಹಜ. ಸಸ್ಯಶಾಸ್ತ್ರದ ನಿರ್ಣಯವಾದರೋ ಬೇರೆ. ಆ ನಿರ್ಣಯಕ್ಕೂ ಹೂವಿನ ಹೆಸರುಗಳಿಗೂ ಇರುವ ಸಂಬಂಧವನ್ನು, ಅದರಿಂದ ಪ್ರಾಚೀನ ಗ್ರಂಥಗಳ ವ್ಯಾಸಂಗಕ್ಕೆ ಒದಗುವ ಎಚ್ಚರಿಕೆಯನ್ನು ಇಲ್ಲಿ ಸಂಗ್ರಹವಾಗಿ ವಿಚಾರಿಸುತ್ತೇವೆ.

ನಮ್ಮಲ್ಲಿ ಬೆಳೆಯುವ ಚೆಂಡು ಹೂವಿನಲ್ಲಿ ಎರಡು ಜಾತಿಗಳು ಮುಖ್ಯವಾದವು: ದೊಡ್ಡ ಹೂವಿನ ಟ್ಯಾಜಿಟಿಸ್ ಇರೆಕ್ಟ, ಗಿಡ್ಡ ಗಿಡದ ಟ್ಯಾಜಿಟಿಸ್ ಪ್ಯಾಟುಲ. ಲಿನೇಯಸ್ಸನು 1753ರಲ್ಲಿ ಇವಕ್ಕೆ ಈ ಹೆಸರುಗಳನ್ನಿಟ್ಟನು. ಎರಡರ ತವರೂ ಮೆಕ್ಸಿಕೋ ಮತ್ತು ಅದರ ನೆರೆಯ ಪ್ರದೇಶ. ಅಲ್ಲಿನ ನಾವಾಟಲ್ ಭಾಷೆಯಲ್ಲಿ ಇದಕ್ಕೆ 'ಇಪ್ಪತ್ತರ ಹೂವು' ಎಂಬರ್ಥದ ಹೆಸರುಂಟು. ಎಸಳುಗಳ ಬಾಹುಳ್ಯವೇ ಅದರ ಸೂಚನೆ. ಯೂರೋಪಿನಲ್ಲಿ ಫುಕ್ಸನ ಸಸ್ಯಗ್ರಂಥವು 1542ರಲ್ಲಿಯೇ ಈ ಕುಲದ ಗಿಡವೊಂದರ ಚಿತ್ರವನ್ನು ಕೊಟ್ಟಿದೆ. ಭಾರತಕ್ಕೆ ಇದನ್ನು ಪೋರ್ಚುಗೀಸರು ತಂದರೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಇಂಗ್ಲಿಷರು ಮೊದಲನೆಯದನ್ನು ಆಫ್ರಿಕದ್ದೆಂದೂ ಎರಡನೆಯದನ್ನು ಫ್ರಾನ್ಸಿನದೆಂದೂ ಕರೆದರು. ಎರಡೂ ಹೆಸರುಗಳು ತವರನ್ನು ತಪ್ಪಾಗಿ ಹೇಳುತ್ತವೆ.

ಕನ್ನಡದ ಹೆಸರುಗಳಲ್ಲಿ ಇಂತಹ ದೋಷವಿಲ್ಲ. 'ಚೆಂಡು ಹೂವು' ಎಂಬುದು ಆಕಾರದಿಂದ ಬಂದ ಹೆಸರು. ತೆಲುಗಿನ 'ಬಂತಿ', ಹಿಂದಿಯ 'ಗೇಂದಾ' ಎಂಬ ಹೆಸರುಗಳ ಮೂಲದಲ್ಲಿರುವುದೂ ಚೆಂಡೇ. ಮಲೆನಾಡು ಕರಾವಳಿಗಳ 'ಗೊಂಡೆ ಹೂವು' ಕೂಡ ರೂಪವನ್ನೇ ಹೇಳುತ್ತದೆ. 'ಸೀಮೆ ಶಾವಂತಿಗೆ' ಎಂಬ ಇನ್ನೊಂದು ಹೆಸರು ಇವೆಲ್ಲಕ್ಕಿಂತ ಬೆಲೆಯುಳ್ಳದ್ದು. ಶಾಸನಗಳಲ್ಲಿ ಎಲ್ಲೆ, ಪ್ರಾಂತ ಎಂಬ ಅರ್ಥವಿದ್ದ 'ಸೀಮೆ'ಯು ಮುಂದೆ ಸೀಮೆ ಎಣ್ಣೆ, ಸೀಮೆ ಬದನೆ, ಸೀಮೆ ಸುಣ್ಣಗಳಲ್ಲಿ ಹೊರನಾಡಿನ ಗುರುತಾಯಿತು. ಪರಿಚಿತವಾದ ಶಾವಂತಿಗೆಯ ಹೆಸರಿಗೆ ಈ ಗುರುತನ್ನು ಸೇರಿಸಿ ಹೊಸ ಹೂವನ್ನು ಹೆಸರಿಸಿದ ಜನ ಅದು ಹೊರಗಿನಿಂದ ಬಂದುದನ್ನು ಬಲ್ಲವರಾಗಿದ್ದರು. ಅಮೆರಿಕದಿಂದ ಬಂದ ಕಾಯಿಗೆ ಮೆಣಸಿನ ಹೆಸರನ್ನಿತ್ತು 'ಮೆಣಸಿನಕಾಯಿ' ಎಂದುದೂ ಇದೇ ಕ್ರಮ.

ಇದರಿಂದ ಎರಡು ಅಂಶಗಳು ಸಿದ್ಧಿಸುತ್ತವೆ. ಮೊದಲನೆಯದು: ಹದಿನಾರನೆಯ ಶತಮಾನಕ್ಕಿಂತ ಹಿಂದಿನ ಕಾವ್ಯದಲ್ಲಿ ಹೂವು, ಚೆಂಡು ಎಂಬ ಪದಗಳು ಜೊತೆಯಾಗಿ ಬಂದರೆ ಹೂವಿನಿಂದ ಕಟ್ಟಿದ ಚೆಂಡೆಂದು ತಿಳಿಯಬೇಕಲ್ಲದೆ ಈ ಗಿಡದ ಹೂವೆಂದು ಅರ್ಥೈಸಲಾಗದು. ಹಳೆಯ ಗ್ರಂಥದ 'ಮೆಣಸು' ಮೆಣಸಿನಕಾಯಿಯಲ್ಲವೆಂಬಂತೆಯೇ ಇದು. ಎರಡನೆಯದು: ಪೂರ್ವಕವಿಯ ಹೆಸರಿನಲ್ಲಿರುವ ಕೃತಿಯಲ್ಲಿ ಈ ಹೂವೇ ನಿಸ್ಸಂದೇಹವಾಗಿ ವರ್ಣಿತವಾಗಿದ್ದರೆ ಆ ಭಾಗ ಪ್ರಕ್ಷಿಪ್ತವೆಂದು ಶಂಕಿಸಬೇಕು.

ಹೆಸರಿಡುವ ಕಾರ್ಯ ಇಂದಿಗೂ ನಿಂತಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ತನ್ನ ತಳಿಗಳನ್ನು 'ಅರ್ಕಾ ಬಂಗಾರ', 'ಅರ್ಕಾ ಅಗ್ನಿ' ಎಂದು ಬಣ್ಣ ತೋರುವಂತೆ ಕರೆದಿದೆ. ಟೊಮೇಟೊ ಸಾಲುಗಳ ನಡುವೆ ಚೆಂಡು ಹೂವನ್ನು ನೆಟ್ಟು ಕಾಯಿಕೊರಕ ಹುಳುವನ್ನು ಅದರ ಕಡೆಗೆ ಸೆಳೆಯುವ ಕ್ರಮವೂ ಬಳಕೆಗೆ ಬಂದಿದೆ; ಇದರಲ್ಲಿ ಟೊಮೇಟೊ, ಚೆಂಡು ಹೂವು ಎರಡೂ ಅಮೆರಿಕದವು. ಪೂಜೆಯ ಪ್ರಾಚೀನತೆ ಬೇರೆ, ಪೂಜೆಗೆ ಏರಿಸುವ ಹೂವಿನ ಪ್ರಾಚೀನತೆ ಬೇರೆ. ಇತಿಹಾಸದ ವಿದ್ಯಾರ್ಥಿಗಳು ಇವೆರಡನ್ನು ಪ್ರತ್ಯೇಕವಾಗಿ ಪರಿಶೀಲಿಸುವುದು ಅವಶ್ಯಕ.