ಅಪ್ಪನ ‘ನುಡಿ’, ನನ್ನ ಲಿನಕ್ಸ್

ಕಂಪ್ಯೂಟರಿಗೂ ಒಂದು ಅಡುಗೆಮನೆ ಉಂಟು. ಒಲೆ ಎಲ್ಲಿ, ನೀರೆಲ್ಲಿ, ಯಾವ ಡಬ್ಬ ಯಾರ ಕೈಗೆ ಎಂದು ಗೊತ್ತುಮಾಡುವ ಮೂಲ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಮ್. ಬೇರೆಯವರ ಅಡುಗೆಮನೆಯಲ್ಲಿ ಸಾರು ಮಾಡಿದವರಿಗೆ ಇದರ ಮಹತ್ವ ಬಿಡಿಸಿ ಹೇಳಬೇಕಿಲ್ಲ.

ಬೆಂಗಳೂರಿನ ಸಾಫ್ಟ್‌ವೇರ್ ಕೆಲಸಕ್ಕೆ ನಾನು ಹಿಡಿದದ್ದು ಲಿನಕ್ಸ್. ನಾವು ಬರೆದ ಪ್ರೋಗ್ರಾಂ ಕೊನೆಗೆ ಓಡುವುದು ಸರ್ವರ್ ಎಂಬ ದೂರದ ಯಂತ್ರಗಳಲ್ಲಿ. ಅಲ್ಲಿ ಹೆಚ್ಚಾಗಿ ಇರುವುದು ಅದೇ. ಮೇಜಿನ ಮೇಲೂ ಅದೇ ಇದ್ದರೆ, ಇಲ್ಲಿ ಸರಿಯಿದ್ದದ್ದು ಅಲ್ಲಿಗೆ ಹೋಗಿ ಕೈಕೊಡುವುದು ಕಡಿಮೆ. ಅದರ ವಂಶವೂ ಒಳ್ಳೆಯದೇ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಯುನಿಕ್ಸ್ ಕಟ್ಟಿದ್ದು ಪ್ರೋಗ್ರಾಂ ಬರೆಯಲು ತಮಗೇ ಹಿತವಾದ ಜಾಗ ಬೇಕೆಂದು. ಅದರ ರೀತಿಯಲ್ಲೇ ನಡೆಯುವ ಲಿನಕ್ಸನ್ನು 1991ರಲ್ಲಿ ಶುರುಮಾಡಿದಾಗ ಫಿನ್‌ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಇನ್ನೂ ವಿದ್ಯಾರ್ಥಿ.

ಆದರೆ ಕನ್ನಡ ಬಂದು ಕುಳಿತದ್ದು ವಿಂಡೋಸ್ ಮನೆಯಲ್ಲಿ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಎರಡೂ ವಿಂಡೋಸಿಗೇ. ಕಚೇರಿಯವರು, ಡಿಟಿಪಿ ಅಂಗಡಿಯವರು ಯಾವ ಸಿಸ್ಟಮ್ ಉತ್ತಮವೆಂದು ತೂಗಿ ನೋಡಲಿಲ್ಲ. ಕನ್ನಡ ಮೂಡುವ ಕಡೆಗೆ ಹೋದರು. ಯಾರು ತಾನೆ ಹೋಗುವುದಿಲ್ಲ?

ನಮ್ಮಪ್ಪನೂ ಹೋದರು. ನಿವೃತ್ತರಾದ ಮೇಲೆ ತುಮಕೂರಿನ ಮನೆಯಲ್ಲಿ ಕೂತು ದೇವರಾಯನದುರ್ಗದ ಕತೆಯನ್ನೆಲ್ಲ ನುಡಿಯಲ್ಲಿ ಬೆರಳಚ್ಚು ಮಾಡಿದರು. ಆನೆಬಿದ್ದಸರಿ, ಜಡಕನದುರ್ಗ ಎಂಬ ಹಳೆಯ ಹೆಸರುಗಳು, ಚಿಕ್ಕದೇವರಾಜ ಒಡೆಯರು ಗೆದ್ದ ಮೇಲೆ ಬಂದ ಈಗಿನ ಹೆಸರು, ರಾಮನ ಬಾಣಕ್ಕೆ ಚಿಮ್ಮಿತೆನ್ನುವ ನಾಮದ ಚಿಲುಮೆ, ಎಲ್ಲ.

ಅಪ್ಪ ತೀರಿಕೊಂಡ ಮೇಲೆ ಆ ಕಡತವನ್ನು ನನ್ನ ಲಿನಕ್ಸಿನಲ್ಲಿ ತೆರೆದರೆ, ಕನ್ನಡವೇ ಇಲ್ಲ! ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಹಳೆಯ ನುಡಿಯಲ್ಲಿ ಒಳಗೆ ಉಳಿಯುತ್ತಿದ್ದದ್ದು ಇಂಗ್ಲಿಷ್ ಅಕ್ಷರಗಳ ಸಂಕೇತವೇ. ಕನ್ನಡ ರೂಪ ಫಾಂಟ್ ತೊಡಿಸಿದ ವೇಷ. ಯುನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಸಂಕೇತಗಳು 1991ರಲ್ಲೇ ಸಿಕ್ಕಿದ್ದವು. ವಿಂಡೋಸಿಗೆ ಅದು ಬಂದದ್ದು 2001ರಲ್ಲಿ, ಎಕ್ಸ್‌ಪಿ ಜೊತೆಗೆ. ಅಷ್ಟರಲ್ಲಿ ಜನರ ಕೈ ಹಳೆಯದಕ್ಕೆ ಒಗ್ಗಿತ್ತು.

ಯುನಿಕೋಡಿಗೆ ಬದಲಿಸುವ ತಂತ್ರಾಂಶ ಹುಡುಕಿದೆ. ಅರ್ಕಾವತ್ತು ಕಾಟ ಕೊಟ್ಟಿತು. ಹಳೆಯ ಬಗೆಯಲ್ಲಿ ಅದು ಅಕ್ಷರದ ನಂತರ, ಯುನಿಕೋಡಿನಲ್ಲಿ ಮೊದಲು. ‘ದುರ್ಗ’ ಎಂಬ ಮಾತು ಎಷ್ಟು ಸಲ ಬರುತ್ತದೆ ನೀವೇ ಊಹಿಸಿ! ಅಮ್ಮ ಗಟ್ಟಿಯಾಗಿ ಓದುವುದು, ನಾನು ತಿದ್ದುವುದು, ಹೀಗೆ ಮೂರು ಭಾನುವಾರ ಹಿಡಿಯಿತು.

ಈಗ ಅದು ವಿಂಡೋಸ್, ಲಿನಕ್ಸ್, ಮೊಬೈಲ್ ಎಲ್ಲದರಲ್ಲೂ ತೆರೆಯುತ್ತದೆ. ಮೊನ್ನೆ ಅಮ್ಮ ಮೊಬೈಲಿನಲ್ಲೇ ಓದಿ ಒಂದು ತಪ್ಪು ಹಿಡಿದರು. ಬೆಟ್ಟದ ಮೆಟ್ಟಿಲಿನ ಲೆಕ್ಕ ಸರಿಯಿಲ್ಲವಂತೆ. ಅದು ತಂತ್ರಾಂಶದ್ದಲ್ಲ, ಅಪ್ಪನದೇ. ತಿದ್ದದೆ ಬಿಟ್ಟಿದ್ದೇನೆ.