ಮಾದರಿ ಕಳಿಸಿ ಕೆಲಸ ಕೇಳಿದವರು

1482ರ ಸುಮಾರಿಗೆ, ಮೂವತ್ತರ ಪ್ರಾಯದ ಲಿಯೊನಾರ್ಡೊ ಡ ವಿಂಚಿ ಕೆಲಸ ಕೇಳಿ ಮಿಲಾನಿನ ಒಡೆಯ ಲುಡೊವಿಕೊ ಸ್ಫೋರ್ಜಾನಿಗೆ ಒಂದು ಪತ್ರ ಸಿದ್ಧಪಡಿಸಿದ. ಅದರ ಕರಡು ಇಂದಿಗೂ ಉಳಿದಿದೆ. ಹೊತ್ತೊಯ್ಯಬಲ್ಲ ಸೇತುವೆ, ಕೋಟೆ ಮುರಿಯುವ ಉಪಾಯ, ಫಿರಂಗಿ, ಮುಚ್ಚಿದ ರಥ ಎಂದು ಒಂದೊಂದಕ್ಕೂ ಅಂಕಿ ಹಾಕಿ ತಾನು ಮಾಡಬಲ್ಲದ್ದನ್ನು ವಿವರಿಸಿದ. ಚಿತ್ರ ಬರೆಯಬಲ್ಲೆ, ಶಿಲ್ಪ ಕಡೆಯಬಲ್ಲೆ ಎಂಬ ಮಾತು ಬರುವುದು ಕಟ್ಟಕಡೆಗೆ. ಓದುವವನ ತಲೆಯಲ್ಲಿ ಯುದ್ಧ ತುಂಬಿರುವಾಗ ಚಿತ್ರಕಲೆಯಿಂದ ಶುರುಮಾಡಿ ಫಲವಿಲ್ಲವೆಂದು ಅವನಿಗೆ ಗೊತ್ತಿತ್ತು. ಲುಡೊವಿಕೊನ ತಂದೆಯ ನೆನಪಿಗೆ ಕಂಚಿನ ಕುದುರೆ ಎರಕ ಹೊಯ್ಯುವೆನೆಂದೂ ಸೇರಿಸಿದ. ಇದರಲ್ಲಿ ಯಾವುದಾದರೂ ಆಗದ ಮಾತು ಎನಿಸಿದರೆ ನಿಮ್ಮ ಉದ್ಯಾನದಲ್ಲೇ ಮಾಡಿ ತೋರಿಸುತ್ತೇನೆ ಎಂದ.

ಇವತ್ತು ಪೋರ್ಟ್‌ಫೋಲಿಯೊ ಇಮೇಲ್ ಮಾಡುವ ಕಲಾವಿದ ಆ ಪತ್ರದಿಂದ ಕಲಿಯಬೇಕಾದದ್ದು ಬಹಳ ಇದೆ. ತನಗೆ ಬರುವುದನ್ನೆಲ್ಲ ಸುರಿಯದೆ, ಎದುರಿನವರಿಗೆ ಬೇಕಾದದ್ದನ್ನು ಮೊದಲು ಇಟ್ಟ ಪತ್ರ ಅದು.

ಹಾಗೆಂದು ಕಳಿಸಿದ್ದೆಲ್ಲ ಸರಿಯಾದ ಕಣ್ಣಿಗೆ ಬೀಳುತ್ತದೆ ಎಂದೇನಿಲ್ಲ. ಮೈಸೂರಿನ ಒಂದೇ ಮನೆಯ ಇಬ್ಬರು ಇದಕ್ಕೆ ಸಾಕ್ಷಿ. ಆರ್.ಕೆ. ಲಕ್ಷ್ಮಣ್ ಮುಂಬಯಿಯ ಜೆ.ಜೆ. ಕಲಾಶಾಲೆಗೆ ಸೇರಲು ಅರ್ಜಿ ಹಾಕಿದಾಗ ಅವರ ಪ್ರತಿಭೆ ಸಾಲದೆಂಬ ಉತ್ತರ ಬಂತು. ಅವರು ಮಹಾರಾಜಾ ಕಾಲೇಜು ಸೇರಿದರು, ರಾಶಿಯವರ ಹಾಸ್ಯಪತ್ರಿಕೆ 'ಕೊರವಂಜಿ'ಗೆ ವ್ಯಂಗ್ಯಚಿತ್ರ ಬರೆದರು, ಮುಂದೆ 'ಟೈಮ್ಸ್ ಆಫ್ ಇಂಡಿಯಾ'ದಲ್ಲಿ ಐದು ದಶಕ ದುಡಿದರು. ಅಣ್ಣ ಆರ್.ಕೆ. ನಾರಾಯಣ್ ಅವರದು ಇನ್ನೂ ಕಟುವಾದ ಅನುಭವ. ಮೊದಲ ಕಾದಂಬರಿಯ ಹಸ್ತಪ್ರತಿ ಒಬ್ಬರಾದ ಮೇಲೊಬ್ಬರು ಪ್ರಕಾಶಕರಿಂದ ತಿರಸ್ಕೃತವಾಯಿತು. ಬೇಸತ್ತ ನಾರಾಯಣ್, ಆಕ್ಸ್‌ಫರ್ಡಿನಲ್ಲಿದ್ದ ಗೆಳೆಯ ಪೂರ್ಣ ಅವರಿಗೆ, ಅದಕ್ಕೊಂದು ಕಲ್ಲು ಕಟ್ಟಿ ಥೇಮ್ಸ್ ನದಿಗೆ ಹಾಕಿಬಿಡು ಎಂದು ಬರೆದರು. ಗೆಳೆಯ ಅದನ್ನು ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್ ಕೈಗೆ ಕೊಟ್ಟರು. 1935ರಲ್ಲಿ 'ಸ್ವಾಮಿ ಅಂಡ್ ಫ್ರೆಂಡ್ಸ್' ಅಚ್ಚಾಯಿತು. ಹಸ್ತಪ್ರತಿ ಅದೇ, ತಲುಪಿದ ಕೈ ಮಾತ್ರ ಬೇರೆ.

ಅಂಚೆಯ ಕಾಲದಲ್ಲಿ ಕಳಿಸುವುದಕ್ಕೂ ಒಂದು ಶಿಸ್ತಿತ್ತು. ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಬೇಕು, ಪ್ರತಿ ಇಟ್ಟುಕೊಂಡಿರಬೇಕು, ಲೇಖನ ವಾಪಸು ಬೇಕಿದ್ದರೆ ಅಂಚೆಚೀಟಿ ಹಚ್ಚಿದ ಸ್ವವಿಳಾಸದ ಲಕೋಟೆ ಜೊತೆಗಿಡಬೇಕು. ಛಾಯಾಗ್ರಾಹಕರು ಪ್ಲಾಸ್ಟಿಕ್ ಹಾಳೆಯ ಇಪ್ಪತ್ತು ಕಿಸೆಗಳಲ್ಲಿ ಸ್ಲೈಡುಗಳನ್ನು ಜೋಡಿಸಿ ರಿಜಿಸ್ಟರ್ ಅಂಚೆಗೆ ಹಾಕುತ್ತಿದ್ದರು. ತೂಕ ಹೆಚ್ಚಿದಂತೆ ಖರ್ಚೂ ಹೆಚ್ಚು. ಹಾಗಾಗಿ ಯಾವುದನ್ನು ಬಿಡಬೇಕೆಂದು ಕಳಿಸುವವರೇ ಕೂತು ಯೋಚಿಸಬೇಕಾಗಿತ್ತು.

ಆ ತೂಕವನ್ನು ಇಮೇಲ್ ಅಳಿಸಿಹಾಕಿತು, ಆದರೆ ಒಮ್ಮೆಗೇ ಅಲ್ಲ. ರೇ ಟಾಮ್ಲಿನ್ಸನ್ 1971ರಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಂದೇಶ ಕಳಿಸಿದ ಮೇಲೂ ಎರಡು ದಶಕ ಇಮೇಲ್ ಎಂದರೆ ಬರಿಯ ಇಂಗ್ಲಿಷ್ ಅಕ್ಷರ. ಚಿತ್ರ ಕಳಿಸಬೇಕಾದರೆ ಅದನ್ನು ಅಕ್ಷರಗಳ ಸಾಲಾಗಿ ಬದಲಿಸಿ, ಆ ಕಡೆಯವರು ಮತ್ತೆ ಬಿಡಿಸಿಕೊಳ್ಳಬೇಕಿತ್ತು. 1992ರ ಮಾರ್ಚಿನಲ್ಲಿ ನೆಥಾನಿಯಲ್ ಬೊರೆನ್‌ಸ್ಟೈನ್, ನೆಡ್ ಫ್ರೀಡ್ ಜೊತೆ ರೂಪಿಸಿದ 'ಮೈಮ್' ಎಂಬ ಹೊಸ ನಿಯಮದ ಪ್ರಕಾರ ಒಂದು ಲಗತ್ತು ಕಳಿಸಿದರು. ಅದರಲ್ಲಿದ್ದದ್ದು ಅವರ ಗಾಯನ ತಂಡದ ಫೋಟೊ ಮತ್ತು ಹಾಡು. ಇಮೇಲಿನಲ್ಲಿ ಹೀಗೆ ಸಲೀಸಾಗಿ ಹೋದ ಮೊದಮೊದಲ ಲಗತ್ತೇ ಕಲಾವಿದರು ತಮ್ಮ ಹಾಡನ್ನು ಕೇಳಿಸುವುದಾಗಿತ್ತು ಎಂಬುದು ಸಂತೋಷದ ಸಂಗತಿ. ಒಳಗಿನ ಉಪಾಯ ಮಾತ್ರ ಹಳೆಯದೇ: ಚಿತ್ರ ಈಗಲೂ ಅಕ್ಷರವಾಗಿಯೇ ಸಾಗುತ್ತದೆ, ಮೂರು ಪಾಲು ಮಾಹಿತಿ ನಾಲ್ಕು ಪಾಲಾಗಿ ಹಿಗ್ಗುತ್ತದೆ. 20 ಎಂಬಿಯ ಫೈಲು ದಾರಿಯಲ್ಲಿ ಸುಮಾರು 27 ಎಂಬಿ ಆಗುತ್ತದೆ. ಜಿಮೇಲ್ ಕಳಿಸಲು ಬಿಡುವುದು 25 ಎಂಬಿ. ಭಾರವಾದ ಲಗತ್ತು ತಿರುಗಿ ಬರುವುದು ಇದಕ್ಕೇ.

ಕನ್ನಡದ ಲೇಖಕರಿಗೆ ಬೇರೆಯದೇ ಕಷ್ಟ ಕಾದಿತ್ತು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಭಾರತದ ಜನಸಾಮಾನ್ಯರಿಗೆ ಇಂಟರ್‌ನೆಟ್ ತೆರೆಯಿತು. 'ಬರಹ', 'ನುಡಿ' ತಂತ್ರಾಂಶಗಳು ಬಂದ ಮೇಲೆ ಕನ್ನಡದಲ್ಲಿ ಟೈಪು ಮಾಡುವುದು ಸುಲಭವಾಯಿತು. ಆದರೆ ಕಳಿಸಿದವರ ಫಾಂಟು ಸಂಪಾದಕರ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಇಡೀ ಕತೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ತೆರೆದುಕೊಳ್ಳುತ್ತಿತ್ತು. ಎಷ್ಟೋ ಶ್ರಮದ ಬರವಣಿಗೆ ಓದಿಸಿಕೊಳ್ಳದೆಯೇ ಉಳಿದುಹೋಗುವ ನೋವು ಅದು. ಯೂನಿಕೋಡ್ 1991ರಿಂದಲೇ ಕನ್ನಡಕ್ಕೆ ಜಾಗ ಕೊಟ್ಟಿದ್ದರೂ ಮನೆಮನೆಯ ಕಂಪ್ಯೂಟರಿಗೆ ಅದು ಇಳಿಯಲು ವರ್ಷಗಳು ಬೇಕಾದವು. ಅಲ್ಲಿಯವರೆಗೆ ಕೈಹಿಡಿದದ್ದು ಅಡೋಬಿ ಸಂಸ್ಥೆ 1993ರಲ್ಲಿ ತಂದ ಪಿಡಿಎಫ್. ಫಾಂಟನ್ನು ಫೈಲಿನೊಳಗೇ ಹೊತ್ತೊಯ್ಯುವುದರಿಂದ ಪುಟ ಹೇಗಿತ್ತೋ ಹಾಗೆಯೇ ಕಾಣುತ್ತಿತ್ತು. ಚಿತ್ರಕಾರರೂ ವಿನ್ಯಾಸಕಾರರೂ ಇಂದಿಗೂ ಅದನ್ನೇ ನಂಬಲು ಕಾರಣ ಇದೇ.

ಈಗ ನೂರು ಚಿತ್ರ ಕಳಿಸಿದರೂ ಅಂಚೆಚೀಟಿಯ ಖರ್ಚಿಲ್ಲ. ಆಯ್ದುಕೊಳ್ಳುವ ಕೆಲಸ ಸಂಪಾದಕರ ಹೆಗಲಿಗೆ ಬಿದ್ದಿದೆ, ಅವರಿಗೆ ಅಷ್ಟು ಪುರುಸೊತ್ತಿಲ್ಲ. ಆದ್ದರಿಂದ ಕಳಿಸುವವರು ಆ ಹೊರೆಯನ್ನು ತಾವೇ ಹೊರಲಿ: ಆ ಪತ್ರಿಕೆಗೋ ಸಂಸ್ಥೆಗೋ ಹೊಂದುವ ಎಂಟು ಹತ್ತು ಕೃತಿ ಸಾಕು, ಅತ್ಯುತ್ತಮವಾದದ್ದು ಮೊದಲ ಪುಟದಲ್ಲಿರಲಿ, ಫೈಲಿನ ಹೆಸರಿನಲ್ಲೂ ವಿಷಯದ ಸಾಲಿನಲ್ಲೂ ಕಲಾವಿದರ ಹೆಸರು ಕಾಣಲಿ, ಭಾರವಾದದ್ದಕ್ಕೆ ಪಾಸ್‌ವರ್ಡ್ ಕೇಳದ ಲಿಂಕ್ ಇರಲಿ. ಕಳಿಸುವ ಮೊದಲು ಅದನ್ನು ಬೇರೆಯವರ ಫೋನಿನಲ್ಲಿ ಒಮ್ಮೆ ತೆರೆದು ನೋಡಿ.